ನಾನೂರ ಹದಿನೇಳನೇ ಬಿಲ್ಲೆ

ಇಂಜಿನ್ ನಿಂತಿದ್ದಾಗಲೂ ಸೊಣ್ಣಪ್ಪನ ಹಳೆಯ ಲಾರಿಯ ಗೇರ್ ರಾಡ್ ಕಿಣಿಗುಟ್ಟುತ್ತಿತ್ತು. ಎಲ್ಲೋ ಮೈಲಿ ಆಳದಲ್ಲಿ ಬಂಡೆ ಬಿರಿದು ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನ ನೆಲ ನಡುಗಿದರೆ ಸಾಕು, ಮನೆಗಳ ಪಾತ್ರೆಗಳೆಲ್ಲ ಅಲುಗಿ ಸುಮ್ಮನಾದ ಮೇಲೂ ಅಂಗಳದ ಲಾರಿಯೊಳಗಿಂದ ಆ ಸಣ್ಣ ಸದ್ದು ಬರುತ್ತಲೇ ಇರುತ್ತಿತ್ತು. ಬೀಗ ಹಾಕಿದ ಮನೆಯೊಳಗೆ ಯಾರೋ ಬಳೆಗೈಯಲ್ಲಿ ಲೋಟ ತೊಳೆದ ಹಾಗೆ.

ಲಾರಿ ಕೊಂಡು ತಂದ ಮೇಲೆ ಹೆಂಡತಿ ಮುನಿರತ್ನಮ್ಮ ಒಂದು ವರ್ಷ ಸಹಿಸಿದಳು. ಸಂಕ್ರಾಂತಿಯ ಮಾರನೆಯ ದಿನ ಟ್ರಂಕು ಎತ್ತಿಕೊಂಡು ಬಂಗಾರಪೇಟೆ ಪಕ್ಕದ ತವರಿಗೆ ಹೊರಟಳು.

"ಆ ಲಾರಿ ಇರೋಗಂಟ ನಾನು ಈ ಒಸಲು ತುಳಿಯಾಕಿಲ್ಲ. ಅದ್ರಾಗೆ ಯಾರೋ ಅವ್ರೆ."

ಮೂರು ತಿಂಗಳು ಸೊಣ್ಣಪ್ಪ ತಾನೇ ಮುದ್ದೆ ತೊಳಸಿ ತಿಂದ. ಅದನ್ನು ಗೋಡೆಗೆಸೆದರೆ ಉದುರುತ್ತಿದ್ದದ್ದು ಗೋಡೆ. ಕೊನೆಗೆ ಮಾರಿಕುಪ್ಪಂ ಸ್ಟೇಷನ್ನಿನ ಟೀ ಅಂಗಡಿ ಬಚ್ಚಪ್ಪ, ಬಂಗಾರಪೇಟೆ ಕಡೆಯವನೊಬ್ಬ ಲಾರಿ ಕೊಳ್ಳಲು ಶನಿವಾರ ಮೂರು ಗಂಟೆಯ ರೈಲಿಗೆ ಬರುತ್ತಾನೆಂದು ತಿಳಿಸಿದ. ಸೊಣ್ಣಪ್ಪ ಹೆಂಡತಿಗೆ ಹೇಳಿಕಳಿಸಿದ. ತಾನೂ ಅದೇ ರೈಲಿಗೆ ಬರುವೆನೆಂದು ಅವಳು ಉತ್ತರ ಕಳಿಸಿದಳು. ಮಾರಿಕುಪ್ಪಂ ಕೊನೆಯ ನಿಲ್ದಾಣ. ಬಂದ ರೈಲೇ ಮತ್ತೆ ಬಂಗಾರಪೇಟೆಗೆ ಹೊರಡುತ್ತದೆ. ಲಾರಿ ಹೋಗದಿದ್ದರೆ ತಾನೂ ಅದೇ ರೈಲಿನಲ್ಲಿ ವಾಪಸು ಎಂಬ ಮಾತನ್ನೂ ಸೇರಿಸಿದ್ದಳು.

ಕೊಳ್ಳುವವನ ಕಿವಿಗೆ ಆ ಸದ್ದು ಬೀಳಬಾರದು. ಶನಿವಾರ ಬೆಳಿಗ್ಗೆ ಸೊಣ್ಣಪ್ಪ ಕಾಲಡಿಯ ಹಲಗೆ ಕಿತ್ತು, ಬೋಲ್ಟು ಬಿಚ್ಚಿ, ಗೇರ್ ರಾಡನ್ನು ಮೇಲಕ್ಕೆಳೆದ. ರಾಡಿನ ಬುಡಕ್ಕೆ ಸುತ್ತಿದ ಸ್ಪ್ರಿಂಗಿನ ಕೆಳಗೆ ಗ್ರೀಸು ಮೆತ್ತಿದ ತಗಡೊಂದು ಸಿಕ್ಕಿತು. ಒರೆಸಿ ನೋಡಿದ. ಹಿತ್ತಾಳೆಯ ಬಿಲ್ಲೆ. ನಡುವೆ ಅಗಲವಾದ ತೂತು, ಅಂಚಿನಲ್ಲಿ ೪೧೭.

"ಕೆಳಗಿಡ್ಲಾ ಅದನ್ನ," ಎಂದಿತು ಹಿಂದಿನಿಂದ ಒಂದು ದನಿ.

ಪಕ್ಕದ ಮನೆಯ ಕುಪ್ಪುಸ್ವಾಮಿ. ಮೂವತ್ತು ವರ್ಷ ಗಣಿಯಲ್ಲಿ ದುಡಿದು ನಿವೃತ್ತನಾದವನು. ಈಗ ಬೇರೆಯವರ ಕೆಲಸ ನೋಡುವುದೇ ಅವನ ಶಿಫ್ಟು.

"ಏನಣ್ಣ ಇದು?"

"ಗಣಿ ಬಿಲ್ಲೆ ತಂಬಿ. ಇಳಿಯೋವಾಗ ಆಫೀಸಲ್ಲಿ ತಗೋಬೇಕು, ಮೇಲೆ ಬಂದ್ಮೇಲೆ ವಾಪಸ್ ಕೊಡಬೇಕು. ಸಂಜೆ ಆಫೀಸ್ ಗೋಡೆ ಮೊಳೆಗೆ ಬಿಲ್ಲೆ ಬಂದಿಲ್ಲ ಅಂದ್ರೆ ಆಳು ಕೆಳಗೇ ಅವ್ನೆ ಅಂತ ಲೆಕ್ಕ." ಅವನು ಬಿಲ್ಲೆಯನ್ನು ಮುಟ್ಟದೆ ಬಗ್ಗಿ ನೋಡಿದ. "ನಾನೂರ ಹದಿನೇಳು ಪೆರುಮಾಳ್‌ದು. ಅನ್ನೆರಡು ವರ್ಷದ ಕೆಳಗೆ ಬಂಡೆ ಸಿಡಿದು ಏಳು ಜನ ಓದ್ರು. ಆರು ಹೆಣ ಸಿಕ್ತು. ಇವನದ್ದು ಇಲ್ಲ, ಬಿಲ್ಲೆನೂ ಇಲ್ಲ."

"ಅದು ನನ್ನ ಗೇರ್ ಬಾಕ್ಸಿಗೆ ಎಂಗೆ ಬಂತು?"

"ತೂತು ನೋಡು. ಬಂಡೆ ಚೂರು ತೂರಿರೋದು, ಎದೆ ಮೇಲೇ ಇಟ್ಕೊಂಡಿದ್ದನೋ ಏನೋ." ಕುಪ್ಪುಸ್ವಾಮಿ ದನಿ ತಗ್ಗಿಸಿದ. "ಇನ್ನೊಂದು ಏಳ್ತೀನಿ, ಎದರಬೇಡ. ಆಗ ಈ ಲಾರಿ ಗಣೀದು. ಅವತ್ತು ಇದರ ಡ್ರೈವರ್ ರಜ. ಆದ್ರೂ ಸಂಜೆ ಇದು ಬಂಗಾರಪೇಟೆ ಸ್ಟೇಷನ್ ಮುಂದೆ ನಿಂತಿತ್ತು. ಯಾರು ತಗೊಂಡೋದ್ರೋ ಇವತ್ತಿಗೂ ಗೊತ್ತಿಲ್ಲ."

ಸೊಣ್ಣಪ್ಪನ ಕೈಯಲ್ಲಿ ಬಿಲ್ಲೆ ತಣ್ಣಗಿತ್ತು. ಬೇಸಿಗೆಯ ಬಿಸಿಲಲ್ಲೂ ತಣ್ಣಗೇ ಇತ್ತು.

ಕುಪ್ಪುಸ್ವಾಮಿಯ ಅಕ್ಕ ಮಾರಿಯಮ್ಮ ಆಗಲೇ ಬಾಗಿಲಿಗೆ ಬಂದು ಎಲ್ಲ ಕೇಳಿಸಿಕೊಂಡಿದ್ದಳು. "ಎಡೆ ಇಡದೆ ಇದನ್ನ ಕಳಿಸಬಾರದು," ಎಂದು ಅವಳು ತೀರ್ಪು ಕೊಟ್ಟಳು. "ಪಾಪ, ಅವನಿಗ್ಯಾರೂ ಇರಲಿಲ್ಲ. ವಡೆ ಅಂದ್ರೆ ಪ್ರಾಣ."

"ಮೂರು ಗಂಟೆಗೆ ಲಾರಿ ನೋಡಾಕೆ ಬತ್ತಾರೆ ಮಾರಿಯಕ್ಕ. ಬಿಲ್ಲೆ ಆಫೀಸಿಗೆ ಕೊಟ್ಟು ಬಂದ್ರೆ ಸಾಲದಾ?"

"ಕೊಟ್ರೆ ಏನಂತ ಬರ್ಕೋತಾರೆ?" ಎಂದ ಕುಪ್ಪುಸ್ವಾಮಿ. "ಅನ್ನೆರಡು ವರ್ಷ ಓವರ್‌ಟೈಮ್ ಮಾಡಿ ಇವತ್ತು ಮೇಲೆ ಬಂದ ಅಂತ್ಲಾ?"

ಬಿಲ್ಲೆಯನ್ನು ಅದರ ಒಡೆಯನಿಗೇ ಮುಟ್ಟಿಸಲು ಮೂವರೂ ಗಣಿಮಣ್ಣಿನ ದಿಬ್ಬದ ಹಿಂದೆ, ಹಿಂದೊಮ್ಮೆ ಆಳುಗಳು ಇಳಿಯುತ್ತಿದ್ದ ಪಾಳುಬಿದ್ದ ಶಾಫ್ಟಿಗೆ ಹೋದರು. ಸುತ್ತಲಿನ ಮೋಟು ಗೋಡೆಯ ಆಚೆ ಬಗ್ಗಿದರೆ ಕೆಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ತಾಗುತ್ತಿತ್ತು, ಮಲಗಿದವರ ಉಸಿರಿನಂತೆ. ಕರ್ಪೂರ ಹಚ್ಚಿ, ಸೊಣ್ಣಪ್ಪ ಬಿಲ್ಲೆಯನ್ನು ಒಳಕ್ಕೆ ಬಿಟ್ಟ. ಅದು ತಳ ಮುಟ್ಟುವ ಸದ್ದಿಗೆ ಕಾದರು. ಮಾರಿಯಮ್ಮ ಬೆರಳು ಮಡಿಸಿ ಎಣಿಸಿದಳು, ಎರಡು ಕೈಯ ಬೆರಳೂ ಮುಗಿದವು. ಸದ್ದು ಬರಲಿಲ್ಲ.

"ತಗೊಂಡ," ಎಂದ ಕುಪ್ಪುಸ್ವಾಮಿ.

ವಾಪಸು ಬಂದು ಸೊಣ್ಣಪ್ಪ ರಾಡ್ ಕೂರಿಸಲು ಹೊರಟ. ಒಳಗೆ ಗೇರು ಸರಿಸುವ ಮೂರು ಫೋರ್ಕುಗಳ ಕಚ್ಚು ಒಂದೇ ಸಾಲಿಗೆ ಬಂದಿರಬೇಕು, ರಾಡಿನ ತುದಿ ಆ ಸಾಲಿಗೇ ಇಳಿಯಬೇಕು. ಮೊದಲ ಸಲ ತುದಿ ಪಕ್ಕಕ್ಕೆ ಜಾರಿತು. ಎರಡನೆಯ ಸಲ ಎರಡು ಗೇರು ಒಟ್ಟಿಗೆ ಬಿದ್ದು ಎಲ್ಲ ಬಿಗಿದುಕೊಂಡಿತು. ಕುಪ್ಪುಸ್ವಾಮಿ ಎಡಕ್ಕೆ ಎಂದಾಗಲೆಲ್ಲ ಮಾರಿಯಮ್ಮ ವಡೆ ಕರಿಯುತ್ತಲೇ ಒಳಗಿಂದ ಬಲಕ್ಕೆ ಎನ್ನುತ್ತಿದ್ದಳು. ಲಾರಿ ಕಣ್ಣಿಗೂ ಕಾಣದ ಜಾಗದಲ್ಲಿ ಅವಳು ಕೂತಿದ್ದಳು.

ಎರಡೂವರೆಗೆ ರಾಡ್ ಕೂತಿತು. ಅಲುಗಿಸಿದ. ಕಿಣಿಕಿಣಿ ಇಲ್ಲ. ಸೊಣ್ಣಪ್ಪನಿಗೆ ಅಳುವಷ್ಟು ಸಂತೋಷವಾಯಿತು. ಕೈ ಬಿಟ್ಟ ಕೂಡಲೇ ರಾಡ್ ಹೆಂಡ ಕುಡಿದವನ ಕತ್ತಿನಂತೆ ಪಕ್ಕಕ್ಕೆ ವಾಲಿತು. ಇಂಜಿನ್ ಶುರು ಮಾಡಿ ಎರಡನೇ ಗೇರಿಗೆ ಹಾಕಿದರೆ ಲಾರಿ ಎರಡು ಮಾರು ಹೋಗುವುದರೊಳಗೆ ರಾಡ್ ತಾನೇ ಗೇರಿನಿಂದ ಹೊರಗೆ ಹಾರಿತು. ಸ್ಪ್ರಿಂಗು ಸಡಿಲವಾಗಿತ್ತು. ಯಾಕೆಂದು ಅವನಿಗೆ ಹೊಳೆಯಲಿಲ್ಲ.

"ಒಳಗಿದ್ದ ಜೀವ ಓಯ್ತಲ್ಲ, ಇನ್ನೆಂಗೆ ನಿಲ್ತದೆ," ಎಂದ ಕುಪ್ಪುಸ್ವಾಮಿ.

ಮಾರಿಯಮ್ಮ ಲಾರಿಯ ಮುಂದೆ ಬಾಳೆಲೆ ಹಾಸಿ ಅನ್ನ, ವಡೆ, ಒಂದು ಬೀಡಿಯನ್ನೂ ಇಟ್ಟಳು. ಕಾಗೆ ಮುಟ್ಟುವತನಕ ಯಾರೂ ನೋಡಬಾರದೆಂದು ತಮ್ಮನನ್ನು ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೊಣ್ಣಪ್ಪ ಗೇರ್ ಬಾಕ್ಸನ್ನು ಕೆಳಗಿಂದ ನೋಡಲು ಲಾರಿಯಡಿ ತೂರಿದ. ದೂರದಲ್ಲಿ ಮೂರು ಗಂಟೆಯ ರೈಲು ಕೂಗಿತು. ಆಮೇಲೆ ಬೀದಿ ಸುಮ್ಮನಾಯಿತು. ಕಾಗೆಯೂ ಕೂಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಎಲೆಯ ಹತ್ತಿರ ಧೂಳು ಮೆತ್ತಿದ ಎರಡು ಬರಿಗಾಲು ಬಂದು ನಿಂತವು. ಅಗಿಯುವ ಸದ್ದು ಕೇಳಿಸಿತು.

"ವಡೆಗೆ ಉಪ್ಪು ಕಮ್ಮಿ," ಎಂದಿತು ದನಿ.

ಸೊಣ್ಣಪ್ಪ ಲಾರಿಯಡಿ ಇನ್ನಷ್ಟು ಒಳಕ್ಕೆ ಸರಿದ. "ಯಾ... ಯಾರು?"

"ಬಚ್ಚಪ್ಪ ಏಳಿಲ್ವಾ? ಲಾರಿ ನೋಡಾಕೆ ಬಂದೆ. ಗಿರಾಕಿಗೆ ಊಟ ಇಡೋರನ್ನ ಇವತ್ತೇ ನೋಡಿದ್ದು."

ಸೊಣ್ಣಪ್ಪ ತೆವಳಿ ಹೊರಬಂದ. ನಲವತ್ತು ದಾಟಿದ, ಬಿಸಿಲಿಗೆ ಕಪ್ಪಾದ ಮನುಷ್ಯ. ಎರಡನೇ ವಡೆ ಕೈಯಲ್ಲಿ ಹಿಡಿದೇ ಕ್ಯಾಬಿನ್ ಹತ್ತಿ ರಾಡ್ ಮುಟ್ಟಿದ. ಅದು ವಾಲಿತು. ಅವನು ಅಗಿಯುವುದನ್ನು ನಿಲ್ಲಿಸಿದ.

"ಇದರಡೀಲಿದ್ದ ಬಿಲ್ಲೆ ಎಲ್ಲಿ?"

"ಬಿಲ್ಲೆ ಇತ್ತು ಅಂತ ನಿಮಗೆಂಗೆ ಗೊತ್ತು?"

"ಇಟ್ಟೋನೇ ನಾನು. ದಾರೀಲಿ ಗೇರ್ ನಿಲ್ತಿರಲಿಲ್ಲ, ಸ್ಪ್ರಿಂಗ್ ಸಡ್ಲ ಇತ್ತು. ನಡುವೆ ತೂತು ಕೊರೆದು ವಾಷರ್ ಮಾಡಿ ಕೂರಿಸ್ದೆ." ಅವನು ಹೊರಗಿನ ದಿಬ್ಬ ನೋಡುತ್ತಾ ನಿಧಾನವಾಗಿ ಹೇಳಿದ. "ಅವತ್ತು ಬಿಲ್ಲೆ ತಗೊಂಡು ಇಳಿಯಾಕೆ ನಿಂತಿದ್ದೆ. ಡ್ರೈವರ್ ಇಲ್ಲ, ನಿನಗೆ ಗಾಡಿ ಬರ್ತದಲ್ಲ, ಬಂಗಾರಪೇಟೆಗೆ ಓಗು ಅಂದ ಮೇಸ್ತ್ರಿ. ಕಳಿಸಿ ಅವನು ಇಳಿದ. ಮತ್ತೆ ಬರಲಿಲ್ಲ. ಸಂಜೆ ಸ್ಟೇಷನ್ನಲ್ಲಿ ಸತ್ತೋರ ಎಸರು ಏಳ್ತಿದ್ರು. ನನ್ನ ಎಸರೂ ಬಂತು. ಲಾರಿ ಅಲ್ಲೇ ಬಿಟ್ಟು ನಡೆದುಬಿಟ್ಟೆ."

"ಬದುಕಿದೀನಿ ಅಂತ ಏಳಬೇಕಿತ್ತಲ್ಲಣ್ಣ."

"ಏಳಿದ್ರೆ ಮಾರನೇ ದಿನ ಇಳಿಸ್ತಿದ್ರು. ಸತ್ತೋನನ್ನ ಯಾರು ಇಳಿಸ್ತಾರೆ? ನನ್ನ ಜೀವ ಉಳಿಸಿದ ಗಾಡಿ ಇದು, ಅದಕ್ಕೇ ಕೊಳ್ಳಾಕೆ ಬಂದೆ. ಎಲ್ಲಿ ಬಿಲ್ಲೆ?"

"ಶಾಫ್ಟಿಗೆ ಹಾಕಿದ್ವಿ."

ಪೆರುಮಾಳ್ ಕೈಯ ವಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಂದ್ರೆ ಇದು ನನ್ನ ಎಡೆ."

ಆ ಹೊತ್ತಿಗೆ, ಕಾಗೆ ಬಂತೇ ಎಂದು ನೋಡಲು ಮಾರಿಯಮ್ಮ ಬಾಗಿಲು ತೆರೆದಳು. ಎಲೆಯ ಮೇಲೆ ವಡೆ ಇಲ್ಲ. ಡ್ರೈವರ್ ಸೀಟಿನಲ್ಲಿ ಪೆರುಮಾಳ್, ಬಾಯಲ್ಲಿ ವಡೆ. ಅವಳ ಚೀರಾಟಕ್ಕೆ ಹೊರಬಂದ ಕುಪ್ಪುಸ್ವಾಮಿ, "ನಾನೂರ ಹದಿನೇಳು," ಎಂದಷ್ಟೇ ಹೇಳಿ ಹೊಸಿಲ ಮೇಲೆ ಕುಸಿದು ಕೂತ. ಸಾಲು ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದು, ಒಂದೊಂದಾಗಿ ಮುಚ್ಚಿಕೊಂಡವು.

ಬೀದಿಯ ತಿರುವಿನಲ್ಲಿ ಮುನಿರತ್ನಮ್ಮ ಟ್ರಂಕು ಹೊತ್ತು ನಿಂತಿದ್ದಳು. ಲಾರಿ ನೋಡಿದಳು, ಅದರೊಳಗೆ ಕೂತವನನ್ನು ನೋಡಿದಳು. ತಾನು ಹೇಳಿದ್ದು ನಿಜವಾದಾಗ ಜನಕ್ಕೆ ಬರುವ ಒಂದು ಬಗೆಯ ಶಾಂತಿ ಅವಳ ಮುಖದಲ್ಲಿತ್ತು. ತಿರುಗಿ ಸ್ಟೇಷನ್ ಕಡೆ ನಡೆದಳು.

"ಅಣ್ಣ, ಕೈ ಮುಗೀತೀನಿ, ನೀನು ಬದುಕಿದೀಯ ಅಂತ ಅವಳಿಗೊಂದು ಮಾತು ಏಳು," ಎಂದ ಸೊಣ್ಣಪ್ಪ.

ಪೆರುಮಾಳ್ ಕೆಳಗಿಳಿದ. ಎಲೆಯ ಬೀಡಿ ಎತ್ತಿ ಕಿವಿಗೆ ಸಿಕ್ಕಿಸಿಕೊಂಡ. "ಇಲ್ಲಿ ನಾನು ಬದುಕಿದ್ರೆ ನಾಳೆನೇ ಕೆಳಗಿಳಿಯೋ ಕೆಲಸ ಅದೆ ತಮ್ಮ," ಎಂದ. "ಬಿಲ್ಲೆ ಇಲ್ಲದ ಗಾಡಿ ನನಗೆ ಬೇಡ." ಅದೇ ರೈಲು ಹಿಡಿಯಲು ಅವನೂ ಹೊರಟ. ಅವನನ್ನು ಕಂಡು ಮುಂದೆ ಹೋಗುತ್ತಿದ್ದ ಮುನಿರತ್ನಮ್ಮ ಓಡತೊಡಗಿದಳು.

ಸೊಣ್ಣಪ್ಪ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತ. ರೈಲು ಕೂಗಿ ಹೊರಟಿತು. ಅದರ ಸದ್ದು ಅಡಗಿದ ಮೇಲೆ ಕೆಳಗೆಲ್ಲೋ ಬಂಡೆ ಬಿರಿದು ನೆಲ ನಡುಗಿತು. ರಾಡ್ ಸುಮ್ಮನಿತ್ತು.

ದಿಬ್ಬದ ಹಿಂದೆ, ಶಾಫ್ಟಿನ ಕಡೆಯಿಂದ, ಸಣ್ಣಗೆ ಕಿಣಿಕಿಣಿ ಕೇಳಿಸಿತು.