ಲೈನು ಕಡಿದರೂ ಗೆರೆ ತುಂಬಿ ತೋರಿಸಿದ ಡ್ರೈವರ್ ಮಹಾಶಯರಿಗೆ

ಮಾನ್ಯರೇ,

ನಮ್ಮ ಲ್ಯಾಪ್‌ಟಾಪಿನ ಒಡಲಲ್ಲಿ ಯಾರ ಕಣ್ಣಿಗೂ ಬೀಳದೆ ನೆಲೆಸಿ, ಗೋಡೆಯ ಮೇಲಿನ ವೈ-ಫೈ ಪೆಟ್ಟಿಗೆಗೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ಸುದ್ದಿ ಮುಟ್ಟಿಸುವ ಒಂದೇ ಒಂದು ಹೊಣೆ ಹೊತ್ತು, ಅದನ್ನೂ ಹೊರಲಾರದ ವೈರ್‌ಲೆಸ್ ಡ್ರೈವರ್ ಎಂಬ ತಂತ್ರಾಂಶ ಮಹಾಶಯರಾದ ತಮಗೆ, ಹೊಲಿಗೆ ಕೆಲಸದವಳೊಬ್ಬಳ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ತೆರೆಯ ಮೂಲೆಯ ಸಿಗ್ನಲ್ ಗೆರೆಗಳು ಸಾರುತ್ತಿವೆ. ಆ ಗೆರೆಗಳನ್ನು ನಂಬುವುದು ಬಿಟ್ಟಿರುವುದರಿಂದ ಪತ್ರ ಬರೆದೇ ವಿಚಾರಿಸುತ್ತಿದ್ದೇನೆ.

ನನ್ನ ಯಜಮಾನರು ಮುದ್ರಣಾಲಯದಲ್ಲಿ ಮಿಷನ್ ನಡೆಸುತ್ತಿದ್ದವರು. ಅದು ಬಾಗಿಲು ಹಾಕಿದ ಮೇಲೆ, ಸುಮ್ಮನೆ ಕೂರುವುದನ್ನು ಕಲಿಯದ ಮನುಷ್ಯ, ಮನೆಯಲ್ಲಿ ಸರಿಯಿದ್ದ ನಲ್ಲಿಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು. ಆಗ ಊರಾಚೆಯ ಇನ್ನೊಂದು ಮುದ್ರಣಾಲಯದವರು ವಿಡಿಯೋದಲ್ಲಿ ಸಂದರ್ಶನಕ್ಕೆ ಕರೆದರು. ತಮ್ಮ ಬಗ್ಗೆ ತಾವೇ ನಾಲ್ಕು ಮಾತಾಡಲು ನಾಚುವ ಇವರನ್ನು ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂರಿಸಿ, ಹೊಲಿಗೆ ಯಂತ್ರ ನಿಲ್ಲಿಸಿ, ನಾನು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತೆ.

"ಇಷ್ಟು ವರ್ಷದ ಕೆಲಸದಲ್ಲಿ ನಿಮಗೆ ಹೆಮ್ಮೆ ಅನ್ನಿಸಿದ್ದು ಯಾವುದು?" ಎಂದು ಮ್ಯಾನೇಜರು ಕೇಳಿದ ಗಳಿಗೆಯಲ್ಲೇ ಲೈನು ಕಡಿದು ವೈ-ಫೈ ಪೆಟ್ಟಿಗೆ ತಮ್ಮ ಕೈ ಬಿಟ್ಟಿತು. ತೆರೆಯ ಮೇಲೆ ಮ್ಯಾನೇಜರು ತಲೆ ಕೊಂಚ ವಾಲಿಸಿ ಅರ್ಧ ನಗುವಿನಲ್ಲೇ ಕಲ್ಲಾದರು. ತಾವೋ, ಗೆರೆಗಳನ್ನೆಲ್ಲ ತುಂಬಿ ತೋರಿಸುತ್ತ ಏನೂ ಆಗಿಲ್ಲವೆಂಬ ಗಾಂಭೀರ್ಯದಲ್ಲಿ ಕೂತಿರಿ. ಬೇರೆಯವರಾಗಿದ್ದರೆ "ಹಲೋ, ಕೇಳಿಸ್ತಿದೆಯಾ?" ಎಂದು ಕೂಗುತ್ತಿದ್ದರೇನೋ. ಆದರೆ ಮಿಷನ್ನಿನ ಗದ್ದಲದಲ್ಲಿ ಬದುಕಿದವರ ಪದ್ಧತಿಯೇ ಬೇರೆ. ಅಲ್ಲಿ ನಿಜವಾಗಿ ಕೇಳುವವನು ಹೂಂಗುಟ್ಟುವುದಿಲ್ಲ, ಎದುರಿನವನ ತುಟಿಗೆ ಕಣ್ಣು ನೆಟ್ಟು ಅಲ್ಲಾಡದೆ ನಿಲ್ಲುತ್ತಾನೆ. ನಮ್ಮವರು, ಇಷ್ಟು ಶ್ರದ್ಧೆಯಿಂದ ತಮ್ಮ ಮಾತನ್ನು ಇದುವರೆಗೆ ಯಾರೂ ಕೇಳಿರಲಿಲ್ಲವೆಂದುಕೊಂಡು ಬಾಯಿ ಬಿಟ್ಟರು.

ಏನು ಮಾತು ಮಾನ್ಯರೇ! ಮಿಷನ್ನಿನ ಸದ್ದು ಒಂದಿಷ್ಟು ಬದಲಾದದ್ದಕ್ಕೇ ಅದನ್ನು ನಿಲ್ಲಿಸಿ ಜೊತೆಯವನ ಬೆರಳು ಉಳಿಸಿದ್ದು, ಶಾಲೆ ತೆರೆಯುವ ಹೊತ್ತಿಗೆ ಕೆಟ್ಟು ಕೂತ ಮಿಷನ್ನನ್ನು ಇವರೇ ಬಿಚ್ಚಿ ಸರಿಮಾಡಿ ಮಕ್ಕಳ ಪುಸ್ತಕ ಮುಟ್ಟಿಸಿದ್ದು, ಇವೆಲ್ಲ ಇಷ್ಟು ವರ್ಷ ಸಂಸಾರ ಮಾಡಿದ ನನಗೂ ಹೇಳದ ಸಂಗತಿಗಳು. ನನ್ನ ಕಣ್ಣು ತುಂಬಿ ಬಂತು. ಮಾತು ಮುಗಿಸಿ, ಕಲ್ಲಾದ ಮ್ಯಾನೇಜರಿಗೆ ಕೈಮುಗಿದು, ನಗುನಗುತ್ತ ಎದ್ದರು. ಸಂಜೆ ಮೇಲ್ ಬಂತು: ಅಭ್ಯರ್ಥಿ ಉತ್ತರಿಸದೆ ಮಧ್ಯದಲ್ಲೇ ಎದ್ದುಹೋಗಿದ್ದಾರೆ, ಆಸಕ್ತಿ ಇದ್ದಂತಿಲ್ಲ.

ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಓರಗಿತ್ತಿ ಬಂದು ಕೆದಕಿ ನೋಡಿ, "ಅಕ್ಕಾ, ಲೈನ್ ಹೋಗಿದ್ದು ಇದಕ್ಕೆ ಆಗ್ಲೇ ಗೊತ್ತಾಗಿದೆ. ಸಿಸ್ಟಮ್‌ಗೆ ಹೇಳ್ಬೇಕಿತ್ತು, ಹೇಳಿಲ್ಲ. ಒಳಗೊಳಗೇ ಟ್ರೈ ಮಾಡ್ತಾ ಕೂತಿದೆ" ಎಂದಳು. ಕೆಟ್ಟ ಸುದ್ದಿ ಹೇಳಿ ಯಾರ ಮನಸ್ಸನ್ನೂ ನೋಯಿಸಬಾರದೆಂಬ ತಮ್ಮ ಕರುಣೆಗೆ ಏನೆನ್ನಲಿ! ದಯಮಾಡಿ ನಮ್ಮ ಬೀದಿಯ ನಲ್ಲಿಗೂ ಈ ವಿದ್ಯೆ ಕಲಿಸಿರಿ. ನೀರು ನಿಂತ ಮೇಲೂ ಕೊಡ ತುಂಬಿದಂತೆ ಕಾಣಲಿ, ನಾವು ಹೊತ್ತು ತಂದು ಕುಡಿದಂತೆ ಮಾಡುತ್ತೇವೆ.

ಇನ್ನೊಂದು ಬಿನ್ನಹವಿದೆ. ನಾನು ಫೋನ್ ಮಾಡಿ ನಡೆದದ್ದು ತಿಳಿಸಿದ್ದಕ್ಕೆ ಮ್ಯಾನೇಜರು ಇನ್ನೊಮ್ಮೆ ಕೇಳುತ್ತೇನೆಂದಿದ್ದಾರೆ. ಒಪ್ಪದವರು ಇವರೇ. "ಅದೆಲ್ಲ ಹೇಳಾಯ್ತಲ್ಲೇ. ಮತ್ತೆ ಹೇಳಿದ್ರೆ ಜಂಬ ಕೊಚ್ಚಿಕೊಂಡ ಹಾಗಾಗುತ್ತೆ" ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಆದ್ದರಿಂದ ತಾವು ಅಂದು ನುಂಗಿದ ಮಾತುಗಳನ್ನು, ನಡುವೆ ಅವರು ಕೆಮ್ಮಿದ್ದನ್ನೂ ಬಿಡದೆ, ಹಾಗೆಹಾಗೆಯೇ ಮ್ಯಾನೇಜರಿಗೆ ತಲುಪಿಸಿ ಕೃತಾರ್ಥರಾಗಬೇಕು.

ತುಂಬಿದ ಗೆರೆಗಳನ್ನು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ

ಮರೆತ ಮಾತು: ಕೈಕಾಲು ಹಿಡಿದು ಅಂತೂ ಒಪ್ಪಿಸಿದ್ದೇನೆ. ನಾಳೆ ಅದೇ ಅಂಗಿ ತೊಟ್ಟು, ಬಸ್ಸು ಹತ್ತಿ, ಖುದ್ದಾಗಿ ಹೋಗುತ್ತಾರೆ. ಅಲ್ಲಿ ಎದುರಿನವರು ಎದ್ದುಹೋದರೆ ಕುರ್ಚಿ ಖಾಲಿ ಕಾಣುತ್ತದೆ. ಅಷ್ಟು ಸತ್ಯ ಹೇಳಲು ಮರದ ಕುರ್ಚಿಗೂ ಬರುತ್ತದೆ; ತಮ್ಮ ಹುದ್ದೆಗೆ ನಾನು ಅದನ್ನೇ ಶಿಫಾರಸು ಮಾಡುತ್ತಿದ್ದೇನೆ.