ಅಜ್ಞಾತ ಅಳಿಯ

ಗುಟ್ಟು ಎಂಬ ಪದಾರ್ಥ ಕೊಳ್ಳೇಗಾಲದ ನಮ್ಮ ಬೀದಿಯ ಹವೆಗೆ ಒಗ್ಗುವುದಿಲ್ಲ. ಎಂದಿಗಿಂತ ಒಂದು ಪ್ಯಾಕೆಟ್ ಹಾಲು ಹೆಚ್ಚು ತಂದರೆ ಸಾಕು, ಮನೆ ಸೇರುವುದರೊಳಗೆ "ಯಾರಣ್ಣ ನೆಂಟ್ರು ಬಂದವ್ರೆ?" ಎಂಬ ಪ್ರಶ್ನೆ ಎದುರಾಗುತ್ತದೆ. ನಾವು ರೇಷ್ಮೆ ಸೀರೆ ನೇಯುವವರು, ಬೀದಿ ತುಂಬ ಮಗ್ಗಗಳೇ. ನನ್ನ ಮಗ್ಗದ ಸದ್ದು ಸ್ವಲ್ಪ ಹೊತ್ತು ನಿಂತರೂ ಪಕ್ಕದ ಮನೆಯವರು ಗೋಡೆಯಾಚೆಯಿಂದಲೇ, "ಎಳೆ ಕಿತ್ತೋಯ್ತಾ, ಇಲ್ಲಾ ಕಾಪಿಗೆ ಎದ್ರಾ?" ಎಂದು ಕೂಗುತ್ತಾರೆ. ಆಕಳಿಕೆಗೂ ಲೆಕ್ಕ ಒಪ್ಪಿಸಬೇಕಾದ ಬೀದಿಯಲ್ಲಿ ಹುಟ್ಟಿದ ನನಗೆ, ಯಾರಿಗೂ ಗೊತ್ತಾಗದ ಹಾಗೆ ಏನಾದರೊಂದು ಮಾಡಬೇಕೆಂಬ ಚಪಲ ಮೊದಲಿನಿಂದಲೂ ಇತ್ತು. ದೊಡ್ಡ ಪಾಪವೇನೂ ಬೇಡ, ಚಿಕ್ಕದೊಂದು ಸಾಕಾಗಿತ್ತು.

ಆ ಭಾಗ್ಯ ಒದಗಿಸಿದ್ದು ಫೋನು. ಹೆಸರು, ಊರು, ಮುಖ ಯಾವುದನ್ನೂ ತೋರಿಸದೆ ಅಂತರಜಾಲದಲ್ಲಿ ಬರೆಯಬಹುದೆಂದು ತಿಳಿದದ್ದೇ ತಡ, 'ಅಜ್ಞಾತ ಅಳಿಯ' ಎಂಬ ಹೆಸರಿನಲ್ಲಿ ಖಾತೆ ತೆರೆದೆ. ವಿಷಯಕ್ಕೆ ಬರವಿರಲಿಲ್ಲ. ಹನೂರಿನಲ್ಲಿ ನಮ್ಮ ಅತ್ತೆ ಪುಟ್ಟತಾಯಮ್ಮನವರಿದ್ದಾರೆ. ವಿಡಿಯೋ ಕಾಲ್ ಮಾಡಿದರೂ ಅವರು ಫೋನನ್ನು ಕಿವಿಗೇ ಒತ್ತಿಕೊಳ್ಳುತ್ತಾರೆ. ಹಾಗಾಗಿ ನಾನು ಮಾತನಾಡುವುದೆಲ್ಲ ಅವರ ಕಿವಿಯೋಲೆಯೊಂದಿಗೆ. ಅವರ ಕೈಯ ರಾಗಿಮುದ್ದೆ ಉಂಡು ಬಂದು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ, ಮತ್ತೆ ಮೇಲೇಳಲು ಇಬ್ಬರು ಹಿಡಿದೆಳೆಯಬೇಕು. ಇಂಥದ್ದನ್ನೆಲ್ಲ ಬರೆದೆ. ಜನ ನಕ್ಕರು. ಯಳಂದೂರಿನವರಾರೋ "ನಮ್ಮತ್ತೇನೂ ಇಂಗೇ ಕಣಣ್ಣ" ಎಂದು ಉತ್ತರ ಬರೆದಾಗ ನನ್ನ ಎದೆ ಉಬ್ಬಿಹೋಯಿತು.

ಉಬ್ಬಿದ ಎದೆಯೊಳಗೆ ಭಯವೂ ಇತ್ತು. ಅತ್ತೆಗೆ ಗೊತ್ತಾದರೆ? ಆ ಮನೆಯಲ್ಲಿ ನನಗೆ ಸಿಗುವ ಮರ್ಯಾದೆ ನನ್ನ ಸ್ವಂತ ಮನೆಯಲ್ಲೂ ಸಿಕ್ಕಿಲ್ಲ. ಎಣ್ಣೆಗಾಯಿ ಮಾಡಿದರೆ ದೊಡ್ಡ ಬದನೆಕಾಯಿಯನ್ನು ಹುಡುಕಿ ನನ್ನ ತಟ್ಟೆಗೇ ಹಾಕುವ ಹೆಂಗಸು ಅವರು. ಅವರೆಂದರೆ ನನಗೆ ನಿಜವಾಗಿಯೂ ಪ್ರೀತಿ. ಪ್ರೀತಿಯಿಲ್ಲದವರ ಬಗ್ಗೆ ಅಷ್ಟೊಂದು ಬರೆಯಲು ಯಾರಿಗೆ ಪುರುಸೊತ್ತು? ಆ ಪ್ರೀತಿಯೂ ಆ ಬದನೆಕಾಯಿಯೂ ಕೈತಪ್ಪದಿರಲೆಂದು ಕಟ್ಟೆಚ್ಚರ ವಹಿಸಿದೆ. ಲೊಕೇಶನ್ ಆಫ್ ಮಾಡಿದೆ. ನನಗೇ ನೆನಪಿರದಂಥ ಪಾಸ್‌ವರ್ಡ್ ಇಟ್ಟೆ. ಫೋನಿನ ಮುಂದಿನ ಕ್ಯಾಮರಾದಿಂದ ಯಾರ‍್ಯಾರೋ ಇಣುಕುತ್ತಾರೆಂದು ಕೇಳಿದ್ದರಿಂದ, ಹೆಂಡತಿ ಮಂಜುಳಳ ಸ್ಟಿಕ್ಕರ್ ಬೊಟ್ಟೊಂದನ್ನು ಅದರ ಮೇಲೆ ಅಂಟಿಸಿದೆ. ಫೋನು ಮುತ್ತೈದೆಯಂತೆ ಕಂಗೊಳಿಸಿತು. "ಅರ್ಸ್ನ ಒಂದ್ ಬಾಕಿ ಕಣ್ರಿ" ಎಂದಳು ಮಂಜುಳ. ಇನ್ನು ಖಾತೆಯಲ್ಲಿ ಮುಖದ ಫೋಟೋ ಹಾಕುವ ಜಾಗದಲ್ಲಿ ಮುಖ ಹಾಕಲಿಲ್ಲ. ಅಷ್ಟು ದಡ್ಡ ನಾನಲ್ಲ. ಮಗ್ಗದ ಮೇಲಿದ್ದ ಸೀರೆಯ ಅಂಚಿನ ಫೋಟೋ ತೆಗೆದು ಹಾಕಿದೆ. ಜರಿ ಚೆನ್ನಾಗಿ ಹೊಳೆಯುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಹನೂರಿಗೆ ಹೋದೆವು. ಊಟಕ್ಕೆ ಕೂತರೆ ನನ್ನ ತಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆ!

"ಯಾಕತ್ತೆ, ಹಿಟ್ಟು ಮುಗಿದಿತ್ತಾ?" ಎಂದೆ.

"ಇಟ್ಟಿಗೇನ್ ಬರ ಅಳಿಯಂದ್ರೆ? ದೊಡ್ಡ ಮುದ್ದೆ ಉಂಡ್ರೆ ಗುಂಡಿಯಿಂದ ಏಳಕ್ಕಾಗಕಿಲ್ಲ ಅಂತ ಯಾರೋ ನೆಟ್ಟಲ್ಲಿ ಬರ್ದವ್ರಂತೆ. ಪಕ್ಕದ್ಮನೆ ಉಡ್ಗಿ ಓದಿ ಏಳುದ್ಲು."

ಆ ಚಿಕ್ಕ ಮುದ್ದೆಯನ್ನೇ ಮುರಿಯುತ್ತ, "ಯಾರೋ ಕೆಲಸವಿಲ್ಲದವನು, ಬಿಡಿ" ಎಂದೆ.

"ಯಾರೋ ಏನೋ. ನನ್ ಮಗಳ ಮದ್ವೇಲಿ ನಂಗ್ ಕೊಟ್ಟ ಸೀರೆ ಅಂಚ್ನೇ ಆಕೊಂಡವ್ನೆ" ಎನ್ನುತ್ತ ಅತ್ತೆ ಬೀರು ತೆಗೆದು, ಆ ಸೀರೆಯನ್ನೇ ತಂದು ನನ್ನ ಮುಂದೆ ಬಿಡಿಸಿದರು.

ನಮ್ಮ ಮಗ್ಗದ ಅಂಚಿನಲ್ಲಿ ಮಾವಿನಕಾಯಿಯ ತುದಿ ಎಡಕ್ಕೆ ಬಾಗಿರುತ್ತದೆ. ತಾತನ ಕಾಲದಿಂದಲೂ ಹಾಗೆಯೇ. ಬೀದಿಯಲ್ಲಿ ಬೇರೆ ಯಾರೂ ಹಾಗೆ ನೇಯುವುದಿಲ್ಲ. ಅಂಚು ನೋಡಿ ಯಾರ ಮನೆಯ ಸೀರೆಯೆಂದು ಹೇಳುವುದು ನಮ್ಮವರಿಗೆ ನೀರು ಕುಡಿದಷ್ಟು ಸುಲಭ. ದಿನವಿಡೀ ಕಣ್ಣೆದುರೇ ಇರುವ ಆ ಮಾವಿನಕಾಯಿ ನನಗೆ ಮಾತ್ರ ಕಂಡಿರಲಿಲ್ಲ. ಬಾಗಿಲಿಗೆ ಬೀಗ ಜಡಿದು, ಬೀಗದ ಮೇಲೆ ನಾನೇ ಹೆಸರು ಬರೆದಿಟ್ಟಿದ್ದೆ.

ಮಂಜುಳ ಸಾರು ಬಡಿಸುತ್ತ, "ನಮ್ ಬೀದಿಗೆಲ್ಲಾ ಗೊತ್ತು ಕಣ್ರಿ. ಏಳುದ್ರೆ ಬರ್ಯದ್ನೇ ಬುಟ್ಬುಡ್ತೀರಿ ಅಂತ ಸುಮ್ಕಿದ್ವಿ" ಎಂದಳು.

"ತಪ್ಪಾಯ್ತು ಅತ್ತೆ" ಎಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ತಪ್ಪೇ ಮತ್ತೆ! ನನ್ ವಿಸ್ಯ ಅಷ್ಟುದ್ದ ಬರ್ದು ನನ್ನೆಸರೇ ಆಕ್ನಿಲ್ವಲ್ಲಾ! ಎದುರ್ಮನೆಯವ್ಳು ಅದೆಲ್ಲಾ ಅವಳ ವಿಸ್ಯನೇ ಅಂತ ಮೆರ್ದಾಡ್ತಾವ್ಳೆ" ಎಂದು ಅತ್ತೆ ಒಳಗೆ ಹೋಗಿ, ಮುಚ್ಚಿಟ್ಟಿದ್ದ ದೊಡ್ಡ ಮುದ್ದೆಯನ್ನು ತಂದು ತಟ್ಟೆಗಿಟ್ಟರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಷ್ಟು ಹಗುರಾಗಿ ನಾನು ಎಂದೂ ಅಷ್ಟು ಭಾರವಾದ ಊಟ ಮಾಡಿರಲಿಲ್ಲ.

ಆದರೂ ಊರಿಗೆಲ್ಲ ಗೊತ್ತಿರುವವನು ಎಂಥ ಅಜ್ಞಾತ? ಆ ಖಾತೆ ಮುಚ್ಚಿ ಇನ್ನೊಂದು ತೆರೆದೆ. ಈ ಬಾರಿ ಅಂಚಿಲ್ಲ, ಅತ್ತೆಯಿಲ್ಲ, ಮುದ್ದೆಯಿಲ್ಲ, ಫೋಟೋ ಜಾಗದಲ್ಲಿ ಬರೀ ಬಿಳಿ. ಗೋಪ್ಯತೆ ಎಷ್ಟು ಪಕ್ಕಾ ಆಯಿತೆಂದರೆ ನನ್ನನ್ನು ಯಾರೂ ಕಂಡುಹಿಡಿಯಲಿಲ್ಲ. ಯಾರೂ ಓದಲೂ ಇಲ್ಲ. ನಾನೇ ಬರೆದು, ನಾನೇ ಓದಿ, ನಾನೇ ನಕ್ಕು ಸಾಕಾಯಿತು. ಕೊನೆಗೆ ತಡೆಯಲಾರದೆ ಅತ್ತೆಗೆ ಫೋನ್ ಮಾಡಿ ಹೊಸ ಖಾತೆಯ ಹೆಸರು ಹೇಳಿ, "ನಿಮ್ಮಲ್ಲೇ ಇರಲಿ, ಯಾರಿಗೂ ಹೇಳಬೇಡಿ" ಎಂದೆ. ಅವರ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಹನೂರು ದಾಟಿ ಪಕ್ಕದೂರು ಶಾಗ್ಯ ಮುಟ್ಟುತ್ತದೆಂಬ ಧೈರ್ಯ ನನ್ನದು.

"ದೇವ್ರಾಣೆ ಏಳಕಿಲ್ಲ ಅಳಿಯಂದ್ರೆ" ಎಂದರು.

ಇಂದಿನವರೆಗೂ ಒಬ್ಬರಿಗೂ ಹೇಳಿಲ್ಲ. ಸ್ವಂತ ಮಗಳು ಗೋಗರೆದು ಕೇಳಿದರೂ ಬಾಯಿ ಬಿಟ್ಟಿಲ್ಲವಂತೆ. ಇಷ್ಟು ಗಟ್ಟಿ ಹೆಂಗಸೆಂದು ಮೊದಲೇ ತಿಳಿದಿದ್ದರೆ, ಬೇರೆ ಯಾರಿಗಾದರೂ ಹೇಳುತ್ತಿದ್ದೆ.