ಹೋದ ವರ್ಷದ ಇವತ್ತಿನ ಪೇಪರು

ನನ್ನ ಪತ್ರಿಕೆಯನ್ನು ಇನ್ನು ಮುಂದೆ ನಾನೇ ಮೊದಲು ಓದುತ್ತೇನೆ! ಅರವತ್ತೆಂಟನೆಯ ಇಸವಿಯ ನವೆಂಬರಿನಲ್ಲಿ, ಸಾಗರದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಿಂತು ನಾನು ಮಾಡಿದ ಭೀಷ್ಮಪ್ರತಿಜ್ಞೆ ಇದು. ಭೀಷ್ಮನಿಗಾದರೆ ದೇವತೆಗಳು ಹೂಮಳೆ ಸುರಿಸಿದರಂತೆ. ನನ್ನ ಹೆಂಡತಿ ಬೆಳ್ಳಮ್ಮ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾ, "ಅದಕ್ಕೆ ಎಂತಕ್ಕೆ ಹಿಂಗೆ ಕೂಗ್ತೀರಿ? ಓದಿ. ಯಾರು ಬೇಡ ಅಂದ್ರು?" ಎಂದಳು.

ಯಾರು ಬೇಡ ಅಂದರು! ಬೇಡ ಅನ್ನುವ ಮಹಾಶಯರು ಆಗ ನಮ್ಮ ಜಗಲಿಯ ಮೇಲೆಯೇ ಕಾಲು ಚಾಚಿ ಕೂತಿದ್ದರು. ಪಕ್ಕದ ಮನೆಯ ಮುಕುಂದಯ್ಯನವರು, ನಿವೃತ್ತ ಶಾಲಾ ಮಾಸ್ತರು. ಬೆಂಗಳೂರಿನ ಪತ್ರಿಕೆ ನಮ್ಮೂರಿಗೆ ಬಂದು ಮುಟ್ಟುವ ಹೊತ್ತಿಗೆ ಬೆಂಗಳೂರಿನವರು ಅದರಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡು ತಿಂದು ಮುಗಿಸಿರುತ್ತಿದ್ದರು. ಆದರೂ ಅದು ಜಗಲಿಗೆ ಬಿದ್ದ ಮರುಕ್ಷಣವೇ ಮುಕುಂದಯ್ಯನವರ ಕೈಯಲ್ಲಿರುತ್ತಿತ್ತು. ಅವರು ಮನಸ್ಸಿನಲ್ಲಿ ಓದುವ ಜಾತಿಯಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಕಂಠ! ಅವರು "ನವದೆಹಲಿ" ಎಂದು ಶುರು ಮಾಡಿದರೆ ಇಡೀ ಕೇರಿ ಬಂದು ನಮ್ಮ ಜಗಲಿಯಲ್ಲಿ ಕೂರುತ್ತಿತ್ತು. ಜಗಲಿಗೆ ಬಂದವರ ಮುಂದೆ ಕವಳದ ತಟ್ಟೆ ಇಡದಿದ್ದರೆ ನಮ್ಮ ಸೀಮೆಯಲ್ಲಿ ಮರ್ಯಾದೆ ಹೋಗುತ್ತದೆ. ಇಟ್ಟರೆ ವೀಳ್ಯದೆಲೆ ಹೋಗುತ್ತದೆ. ಎಲ್ಲ ಮುಗಿದು ಪತ್ರಿಕೆ ನನ್ನ ಕೈಗೆ ಬಂದಾಗ ಒಬ್ಬೊಬ್ಬ ಮಂತ್ರಿಯ ಹಣೆಯ ಮೇಲೂ ಸುಣ್ಣದ ಬೊಟ್ಟು ಇರುತ್ತಿತ್ತು.

"ಅವ್ರು ಓದಿದ್ರೆ ಅಕ್ಷರ ಸವೆದು ಹೋಗ್ತಾವಾ?" ಎಂದಳು ಬೆಳ್ಳಮ್ಮ.

"ಹೋಗ್ತಾವೆ! ನಂಗೆ ಬರೋ ಹೊತ್ತಿಗೆ ಸುದ್ದಿನೇ ಸಪ್ಪೆ ಆಗಿರ್ತದೆ."

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಹಳೆಯ ಕಡತ ಕಾಯುವ ಗುಮಾಸ್ತ. ಹಳೆಯ ಕಾಗದದ ಶಕ್ತಿ ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು! ಮನೆಯ ಹಿಂದಿನ ಕೋಣೆಯಲ್ಲಿ ಮೂರು ವರ್ಷದ ಪತ್ರಿಕೆಗಳನ್ನು ತಿಂಗಳುವಾರು ಕಟ್ಟಿಟ್ಟಿದ್ದೆ. ಅದರಲ್ಲಿ ಹಿಂದಿನ ವರ್ಷದ ನವೆಂಬರಿನ ಕಟ್ಟು ನೋಡಿದಾಗ ನನ್ನ ತಲೆಯಲ್ಲಿ ಬೆಳಕು ಹತ್ತಿತು. ಆ ಇಡೀ ತಿಂಗಳು ಮುಕುಂದಯ್ಯನವರು ಮಗಳ ಬಾಣಂತನವೆಂದು ಹೆಂಡತಿಯ ಜೊತೆ ತೀರ್ಥಹಳ್ಳಿಯಲ್ಲಿದ್ದರು. ಆ ಪತ್ರಿಕೆಗಳ ಒಂದಕ್ಷರವನ್ನೂ ಅವರು ಓದಿರಲಿಲ್ಲ!

ಮರುದಿನದಿಂದಲೇ ಯುದ್ಧ ಆರಂಭ. ಕಚೇರಿ ಬಿಟ್ಟವನು ನೇರ ಬಸ್‌ಸ್ಟ್ಯಾಂಡಿಗೆ ಹೋಗಿ, ಏಜೆಂಟರ ಹತ್ತಿರ ಹೊಸ ಪತ್ರಿಕೆ ಇಸಿದುಕೊಂಡು, ಅಂಗಿಯೊಳಗೆ ಅಡಗಿಸಿ ಹಿತ್ತಿಲ ಬಾಗಿಲಿನಿಂದ ಮನೆಗೆ ನುಗ್ಗಿದೆ. ಹೋದ ವರ್ಷದ ಅದೇ ತಾರೀಖಿನ ಪತ್ರಿಕೆ ತೆಗೆದೆ. ತಲೆಬರಹದ ಕೆಳಗೆ ಇಸವಿ ಇದ್ದ ಜಾಗಕ್ಕೆ ಅರ್ಧ ಲೋಟ ಕಾಫಿ ಚೆಲ್ಲಿದೆ.

"ಕಾಫಿಪುಡಿ ಏನು ಬಿಟ್ಟಿ ಬರ್ತದಾ?" ಎಂದು ಬೆಳ್ಳಮ್ಮ ಚೀರಿದಳು.

"ದೊಡ್ಡ ಕೆಲಸಕ್ಕೆ ಸಣ್ಣ ತ್ಯಾಗ ಮಾಡ್ಬೇಕಾಗ್ತದೆ ಮಾರಾಯ್ತಿ!"

ಪತ್ರಿಕೆಯನ್ನು ಜಗಲಿಗೆ ಒಯ್ದು ಕೊಟ್ಟೆ. ಮುಕುಂದಯ್ಯನವರು ಕನ್ನಡಕ ಏರಿಸಿ ಕಾಫಿಯ ಕಲೆ ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ. "ನಮ್ಮೂರಿಗೆ ಬರೋದೇ ತಂಗಳು ಸುದ್ದಿ. ತಾರೀಖು ಕಟ್ಟಿಕೊಂಡು ಎಂತ ಮಾಡೋದು ಗಿರಿಯಪ್ಪ?" ಎಂದು ಓದಲು ಶುರು ಮಾಡಿಯೇಬಿಟ್ಟರು.

ಅಕ್ಕಿಯ ಅಭಾವ ಶೀಘ್ರದಲ್ಲೇ ನಿವಾರಣೆಯಾಗಲಿದೆಯೆಂದು ಮಂತ್ರಿಗಳ ಭರವಸೆ. ಕೇರಿ "ಹೌದಾ!" ಎಂದಿತು. ಹೊಳೆಗೆ ಸೇತುವೆ ಕಟ್ಟಲು ಸರ್ಕಾರದ ಗಂಭೀರ ಪರಿಶೀಲನೆ. ಕೇರಿ ತಲೆದೂಗಿತು. ಶಾಸಕರೊಬ್ಬರು ಪಕ್ಷ ಬಿಟ್ಟು ಪಕ್ಷ ಸೇರಿದರು. "ಥೂ! ನಾಚಿಕೆ ಇಲ್ಲದವ್ರು!" ಎಂದು ಮುಕುಂದಯ್ಯನವರು ಎದ್ದು ಹೋಗಿ ಅಂಗಳಕ್ಕೆ ಉಗಿದು ಬಂದರು. ಒಳಗೆ ಒಲೆಯ ಮುಂದೆ ಕೂತು ನಾನು ಹೊಸ ಪತ್ರಿಕೆ ಬಿಡಿಸಿದೆ. ಅಕ್ಕಿಯ ಅಭಾವ ಶೀಘ್ರದಲ್ಲೇ ನಿವಾರಣೆ. ಸೇತುವೆ ಗಂಭೀರ ಪರಿಶೀಲನೆಯಲ್ಲಿ. ಇನ್ನೊಬ್ಬ ಶಾಸಕರ ಪಕ್ಷಾಂತರ! ಒಂದು ವರ್ಷದಲ್ಲಿ ಸರ್ಕಾರ ಒಂದು ಗೇಣೂ ಮುಂದೆ ಹೋಗಿರಲಿಲ್ಲ. ನನ್ನ ಕಳ್ಳತನಕ್ಕೆ ಸರ್ಕಾರವೇ ಬೆನ್ನಿಗೆ ನಿಂತಿತ್ತು. ಬಾಯಿಗೆ ಟವೆಲ್ಲು ಒತ್ತಿಕೊಂಡು ನಕ್ಕೆ.

"ನಗಿ ನಗಿ" ಎಂದಳು ಬೆಳ್ಳಮ್ಮ. "ಪಾಪದವ್ರು ಕೂತು ಕೇಳ್ತಾರೆ. ಒಳ್ಳೇದಾಗಲ್ಲ ಇದು."

ಮೂರು ದಿನ ಒಳ್ಳೆಯದೇ ಆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದರೆ ಮುಕುಂದಯ್ಯನವರು ತಮ್ಮ ಹಿತ್ತಿಲ ಕೊಟ್ಟಿಗೆಗೆ ಒಂದು ಎಮ್ಮೆಯನ್ನು ನೂಕುತ್ತಿದ್ದರು. ಎಮ್ಮೆ ಒಪ್ಪುತ್ತಿರಲಿಲ್ಲ. ನನಗೂ ಆಶ್ಚರ್ಯ, ಏಕೆಂದರೆ ಆ ಕೊಟ್ಟಿಗೆಯಲ್ಲಿ ಕನ್ನಮ್ಮ ಇದ್ದಳು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಅವಳ ಊರು, ಮನೆ, ಗದ್ದೆ ಎಲ್ಲ ಮುಳುಗಿದ ಮೇಲೆ ನಮ್ಮ ಕೇರಿಗೆ ಬಂದ ಒಂಟಿ ಹೆಂಗಸು. ಮನೆಮನೆಗೆ ಸೊಪ್ಪು ಮಾರಿ ಬದುಕುತ್ತಿದ್ದಳು. ಕೊಟ್ಟಿಗೆಯ ಒಂದು ಮೂಲೆಗೆ ತಟ್ಟಿ ಕಟ್ಟಿಕೊಂಡಿರಲು ಮುಕುಂದಯ್ಯನವರೇ ಬಿಟ್ಟಿದ್ದರು.

"ಕನ್ನಮ್ಮ ಎಲ್ಲಿ ಹೋದ್ಲು?" ಎಂದೆ.

"ನಿಂಗೆ ಗೊತ್ತಿಲ್ವಾ! ನಿಮ್ಮನೆ ಪೇಪರಲ್ಲೇ ಬಂದಿತ್ತಲ್ಲ ನಿನ್ನೆ" ಎಂದರು ಮುಕುಂದಯ್ಯನವರು ಸಂಭ್ರಮದಿಂದ. "ಮುಳುಗಡೆಯಾದವ್ರಿಗೆ ಮನೆ ಕಟ್ಟೋಕೆ ಜಾಗ ಕೊಡ್ತಾರಂತೆ. ಅರ್ಜಿಗೆ ಇವತ್ತೇ ಕಡೇ ದಿನ. ಅವಳ ಊರು ಹೊಸನಗರದ ಕಚೇರಿಗೆ ಸೇರ್ತದೆ. ನಾನೇ ಅರ್ಜಿ ಬರೆದೆ, ನಾಲ್ಕು ಪುಟ! ಮೊದಲ ಬಸ್ಸಿಗೆ ಹತ್ತಿಸಿದೆ. ಸಾಕ್ಷಿಗೆ ಇರ್ಲಿ ಅಂತ ಪೇಪರೂ ಕೊಟ್ಟಿದೀನಿ. ಹೆಂಗೂ ಅವಳಿಗೆ ಜಾಗ ಆಯ್ತಲ್ಲ, ಕೊಟ್ಟಿಗೆ ಖಾಲಿ ಬಿಡೋದು ಯಾಕೆ ಅಂತ ಎಮ್ಮೆ ತಂದೆ."

ಬಾಯಲ್ಲಿದ್ದ ಹಲ್ಲುಪುಡಿ ಗಂಟಲಿಗಿಳಿಯಿತು. ಒಳಗೆ ಓಡಿ ಬೆಳ್ಳಮ್ಮನಿಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಿಂದಿನ ಕೋಣೆಗೆ ಹೋಗಿ, ನನ್ನ ಮೂರು ವರ್ಷದ ಕಟ್ಟುಗಳನ್ನು ಒಂದೊಂದಾಗಿ ಹಿತ್ತಿಲಿಗೆ ಎಸೆಯಲು ಶುರು ಮಾಡಿದಳು.

"ಏನು ಮಾಡ್ತಿದೀಯೇ?"

"ಜಾಗ ಮಾಡ್ತಿದೀನಿ. ಎಮ್ಮೆ ಬಂದಾತು, ಆ ಹೆಂಗ್ಸು ಸಂಜೆ ಎಲ್ಲಿಗೆ ಬರ್ಬೇಕು? ಹೋಗಿ, ಅವಳನ್ನ ಕರ್ಕೊಂಡೇ ಮನೆಗೆ ಬನ್ನಿ. ಒಬ್ರೇ ಬರ್ಬೇಡಿ."

ಕಚೇರಿಗೆ ರಜೆ ಚೀಟಿ ಕಳಿಸಿ ಎರಡನೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ದೇವರೇ, ಆ ಕಚೇರಿಯವರೂ ನಮ್ಮ ಕಚೇರಿಯವರಂತೆಯೇ ಇರಲಿ! ನಮ್ಮಲ್ಲಾದರೆ ಹೋದ ವರ್ಷದ ಅರ್ಜಿ ಯಾವುದು, ಈ ವರ್ಷದ್ದು ಯಾವುದು ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಇನ್ನೊಂದು ಅರ್ಜಿಯನ್ನು ಕಣ್ಣುಮುಚ್ಚಿ ಸೇರಿಸಿಬಿಡಬಹುದು. ಆದರೆ ಹೊಸನಗರದ ಗುಮಾಸ್ತ ಬಹಳ ಅಚ್ಚುಕಟ್ಟಿನ ಮನುಷ್ಯ. ಕನ್ನಮ್ಮ ಕೊಟ್ಟ ಪತ್ರಿಕೆಯ ಒಳಪುಟ ಬಿಡಿಸಿದ್ದಾನೆ. ಅಲ್ಲಿ ಮೇಲ್ಗಡೆ ಇಸವಿ ಸ್ಪಷ್ಟವಾಗಿ ಅಚ್ಚಾಗಿತ್ತು. ನಾನು ಒಂದೇ ಪುಟಕ್ಕೆ ಕಾಫಿ ಚೆಲ್ಲಿದ್ದೆ.

ಕಚೇರಿಯ ಮೆಟ್ಟಿಲ ಮೇಲೆ ಕನ್ನಮ್ಮ ಕೂತಿದ್ದಳು. ಒಗೆದು ಮಡಿಸಿಟ್ಟಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು. ಮಡಿಲಲ್ಲಿ ಮುಕುಂದಯ್ಯನವರ ನಾಲ್ಕು ಪುಟ, ಮೇಲೆ ನನ್ನ ಪತ್ರಿಕೆ. ನನ್ನನ್ನು ಕಂಡು ದಡಬಡಿಸಿ ಎದ್ದಳು.

"ಗಿರಿಯಪ್ಪಣ್ಣ, ನೀವೂ ಬಂದ್ರಾ? ಸುಮ್ನೆ ಬಂದ್ರಿ. ಇದು ಹೋದೊರ್ಷದ ಪೇಪರಂತೆ. ಆಗ ಅರ್ಜಿ ಕೊಟ್ಟೋರಿಗೆಲ್ಲ ಜಾಗ ಕೊಟ್ಟು ಮುಗಿದೈತಂತೆ. ನಮ್ಮೂರೋರು ಎಂಟು ಮನೆಯೋರಿಗೆ ಸಿಕ್ಕೈತೆ, ಪಟ್ಟಿ ಓದಿ ಹೇಳಿದ್ರು."

ಸುಳ್ಳು ಹೇಳಬಹುದಿತ್ತು. ಏಜೆಂಟರು ತಪ್ಪು ಪತ್ರಿಕೆ ಕೊಟ್ಟರು ಎಂದರೆ ಅವಳು ನಂಬುತ್ತಿದ್ದಳು. ಬಾಯಿಗೂ ಬಂದಿತ್ತು. ಆದರೆ ಆ ಸೀರೆಯ ಮಡಿಕೆಯ ಗೆರೆ ನೋಡಿದ ಮೇಲೆ ನಾಲಿಗೆ ಹೊರಳಲಿಲ್ಲ. ಎಲ್ಲ ಹೇಳಿಬಿಟ್ಟೆ. ಕಾಫಿ ಚೆಲ್ಲಿದ್ದು, ಒಲೆಯ ಮುಂದೆ ನಕ್ಕಿದ್ದು, ಎಲ್ಲ. ಎಮ್ಮೆಯ ವಿಷಯವನ್ನೂ ಹೇಳಿ, "ನಮ್ಮ ಹಿಂದಿನ ಕೋಣೆ ಖಾಲಿ ಇದೆ, ಅಲ್ಲೇ ಇರು" ಎಂದೆ. ಅವಳು ಪತ್ರಿಕೆಯನ್ನು ಎತ್ತಿ ನೋಡಿದಳು.

"ಹಂಗಾರೆ ಇದರಾಗಿದ್ದಿದ್ದು ಸುಳ್ಳಲ್ಲ?"

"ಸುಳ್ಳಲ್ಲ ಕನ್ನಮ್ಮ. ಹೋದ ವರ್ಷ ಇದೇ ಹೊತ್ತಿಗೆ ನಿಜ ಇತ್ತು."

"ಹೋದೊರ್ಷ ಈ ಪೇಪರು ನಿಮ್ಮನೆಗೇ ಬಂದಿತ್ತಾ?"

"ಬಂದಿತ್ತು."

"ಮುಕುಂದಯ್ಯೋರು ಊರಾಗಿರ್ಲಿಲ್ಲ. ಹಂಗಾಗಿ ಯಾರೂ ಓದ್ಲಿಲ್ಲ ಅನ್ನಿ."

ಓದಿದ್ದೆ. ಆ ತಿಂಗಳು ಜಗಲಿಯಲ್ಲಿ ಒಬ್ಬನೇ ಕೂತು, ಗಲಾಟೆಯಿಲ್ಲವೆಂದು ಹಿಗ್ಗಿ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದ್ದೆ. ಈ ಸುದ್ದಿಯನ್ನೂ ಓದಿ ಪುಟ ತಿರುಗಿಸಿದ್ದೆ. ದಿನವೂ ಬೆಳಿಗ್ಗೆ ಕನ್ನಮ್ಮ ಅದೇ ಜಗಲಿಯ ಕೆಳಗೆ ನಿಂತು ಸೊಪ್ಪು ಕೊಟ್ಟು ಹೋಗುತ್ತಿದ್ದಳು.

"ನಾನು ಓದಿದ್ದೆ ಕನ್ನಮ್ಮ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ನಿಜವಾದ ಆಶ್ಚರ್ಯ ಇತ್ತು.

"ನಿಮಗೂ ಓದಾಕೆ ಬರ್ತೈತಾ ಅಣ್ಣ? ಇಷ್ಟು ವರ್ಷ ನಾನು, ಮುಕುಂದಯ್ಯೋರಿಗೆ ಒಬ್ರಿಗೇ ಬರೋದು ಅಂದ್ಕಂಡಿದ್ದೆ."